ಮಾವ ಅಂದರೆ ಯಾವ ಮಾವ

ಇದು ಹಣ್ಣಾಗಿದೆ, ಇದು ಇಲ್ಲ, ಇದು ಆಗಿದೆ, ಇದಕ್ಕಿನ್ನೂ ಸೊಪ್ಪಿನ ಆಸೆ ಬಿಟ್ಟಿಲ್ಲ, ತಲೆ ಎತ್ತಿ ಎತ್ತಿ ಹುಡುಕುತ್ತಿದೆ ನೋಡು ಹೊಟ್ಟೆಬಾಕ, ಇದರ ಕತ್ತಿನ ಹತ್ತಿರ ಬೆಳಕು ಆಚೆಯಿಂದ ಈಚೆಗೆ ಹಾಯುತ್ತಿದೆ, ಒಳಗೆಲ್ಲ ರೇಷ್ಮೆ ತುಂಬಿದೆ, ಎತ್ತು — ಮುನಿಲಕ್ಷ್ಮಿಯ ಎರಡು ಬೆರಳು ಹುಳವನ್ನು ನೋಯಿಸದೆ ಎತ್ತಿ, ಗೂಡು ಕಟ್ಟಲೆಂದು ಪಕ್ಕದಲ್ಲಿ ಮಲಗಿಸಿದ ಬಿದಿರಿನ ಚಂದ್ರಿಕೆಗೆ ಬಿಡುತ್ತವೆ, ಮತ್ತೆ ತಟ್ಟೆಗೆ ಬರುತ್ತವೆ, ಕಣ್ಣು ಮಾತ್ರ ಕಿಟಕಿಯ ಹಲಗೆಯ ಮೇಲಿನ ಫೋನಿನ ಕಡೆಗೆ, ಸುಣ್ಣದ ಡಬ್ಬದ ಪಕ್ಕ ಬಾಯಿ ಮುಚ್ಚಿಕೊಂಡು ಬಿದ್ದಿದೆ ಹಾಳಾದ್ದು, ಬೇಡದಾಗ ಲೋನ್ ಬೇಕಾ ಮೇಡಂ ಅಂತ ಹತ್ತು ಸಲ ಬಡಿದುಕೊಳ್ಳುತ್ತೆ, ಇವತ್ತು ನೋಡು, ಹತ್ತೂವರೆಯಿಂದ ಹನ್ನೊಂದರೊಳಗೆ ಮಾಡ್ತೀನಿ ಅಕ್ಕ ಅಂದಿದ್ದಾಳೆ ಅನಿತ, ಬೆಂಗಳೂರಿನ ದೊಡ್ಡಾಸ್ಪತ್ರೆಯ ಅನಿತ, ರಕ್ತದ ರಿಪೋರ್ಟನ್ನು ಜನಕ್ಕೆ ಬಿಡಿಸಿ ಹೇಳೋದೇ ಆ ಹುಡುಗಿಯ ಕೆಲಸ, ಮೂರು ವಾರದ ಹಿಂದೆ ಮುನಿಲಕ್ಷ್ಮಿಯ ತೋಳಿನಿಂದ ಒಂದು ಸಣ್ಣ ಸೀಸೆ ರಕ್ತ ತೆಗೆಸಿದವಳು, ಅದರಲ್ಲಿ ಏನಿದೆಯೋ ಇವತ್ತು ಹೇಳ್ತಾಳೆ, ಅದು ಇದ್ದರೆ ಮಗಳು ತ್ರಿವೇಣಿಗೂ ಅಪ್ಪನ ಕಾಯಿಲೆ ಬರಬಹುದು, ಇಲ್ಲದಿದ್ದರೆ ಬರುವುದೇ ಇಲ್ಲ, ಅಷ್ಟೇ ಮಾತು, ಇದೆ ಇಲ್ಲವಾ ಇಲ್ಲ, ಹಣ್ಣು ಇಲ್ಲವಾ ಕಾಯಿ, ಇದಕ್ಕೆ ಮೂರು ವಾರ ಬೇಕಿತ್ತಾ ನಿಮಗೆ, ನನ್ನ ಕೈಗೆ ಕೊಟ್ಟಿದ್ದರೆ ಮೂರು ನಿಮಿಷದಲ್ಲಿ ಆರಿಸಿ ಪಕ್ಕಕ್ಕಿಡ್ತಿದ್ದೆ. ತ್ರಿವೇಣಿ ಎಂಟು ಗಂಟೆ ಬಸ್ಸಿಗೆ ಕೋಲಾರಕ್ಕೆ ಕಾಲೇಜಿಗೆ ಹೋದಳು, ತಲೆ ಬಾಚಿಕೊಳ್ಳೋಕೂ ಪುರಸೊತ್ತಿಲ್ಲದೆ, ಅವಳಿಗೆ ಇವತ್ತು ಅಂತ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ, ಮಾವ ಆಚೆ ಅಂಗಳದಲ್ಲಿ ಸೊಪ್ಪಿನ ಕಡ್ಡಿ ಕಟ್ಟು ಬಿಚ್ಚುತ್ತಾ ಕೂತಿದ್ದಾನೆ, ಸೋಮವಾರ ಮಾಡ್ತಾರಂತೆ ಮಾವ ಅಂತ ಹಸಿ ಸುಳ್ಳು ಹೇಳಿದ್ದಾಳೆ ಮುನಿಲಕ್ಷ್ಮಿ, ಮೊದಲು ತಾನೊಬ್ಬಳೇ ನುಂಗಿ ಅರಗಿಸಿಕೊಳ್ಳೋಣ, ಆಮೇಲೆ ಅವನಿಗೆ ಎಷ್ಟು ಬೇಕೋ ಅಷ್ಟು ಉಣಿಸೋಣ ಅಂತ.

ಮಾವ ಅಂದರೆ ಗಂಡ, ಕದಿರೇಶ, ಆ ಹೆಸರನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲ, ಮನಸ್ಸಿನಲ್ಲಿ ಹೇಳಿಕೊಂಡರೂ ನಾಲಿಗೆ ಕಚ್ಚಿಕೊಳ್ಳೋ ಹಾಗಾಗುತ್ತೆ, ಮತ್ತೆ ಮಾವ ಅಂದರೆ ಅಮ್ಮನ ಸ್ವಂತ ತಮ್ಮ, ಗಂಡ ಆಗೋಕೆ ಮುಂಚೆ ಹದಿನೆಂಟು ವರ್ಷ ಬರೀ ಮಾವ ಆಗಿದ್ದ, ತವರು ವಕ್ಕಲೇರಿಯಲ್ಲಿ ಇವಳಿಗೆ ಮೂರು ತುಂಬಿದಾಗ ಕಿವಿ ಚುಚ್ಚಿಸಿದರು, ಸೋದರಮಾವನ ತೊಡೆಯ ಮೇಲೆ ಕೂರಿಸಬೇಕಲ್ಲ, ಆ ಸೋದರಮಾವನಿಗೋ ಹತ್ತು ವರ್ಷ, ಹೊಸ ಚಡ್ಡಿ ಹಾಕಿಕೊಂಡು ದೊಡ್ಡ ಮನುಷ್ಯನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತನಂತೆ, ಆಚಾರಿ ತಂತಿ ತೂರಿಸಿದ್ದೇ ತಡ, ಚುಚ್ಚಿಸಿಕೊಂಡವಳು ಸುಮ್ಮನಿದ್ದಳು, ತೊಡೆ ಕೊಟ್ಟವನು ಗೊಳೋ ಅಂತ ಅತ್ತ, ಈ ಕತೆಯನ್ನ ಅಮ್ಮ ಆಂಜಿನಮ್ಮ ಬಂದ ನೆಂಟರಿಗೆಲ್ಲ ಹೇಳಿ ಹೇಳಿ ಅವನ ಮಾನ ಕಳೆದಿದ್ದಳು. ಆಮೇಲೆ ಇವಳು ದೊಡ್ಡವಳಾದಾಗ ಹಸಿರು ಗುಡ್ಲು ಹಾಕೋಕೆ ಬಂದವನೂ ಅವನೇ, ತೆಂಗಿನ ಗರಿ ಸಿಗಲಿಲ್ಲ ಅಂತ ತನ್ನೂರು ಸುಗಟೂರಿನಿಂದ ಹಿಪ್ಪುನೇರಳೆ ಕಡ್ಡಿ ಹೊರೆ ತಂದು ಗುಡ್ಲು ಕಟ್ಟಿದ, ಊರ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಏಮಪ್ಪಾ, ನಿಮ್ಮಕ್ಕನ ಮಗಳೇನು ರೇಷ್ಮೆ ಹುಳವಾ, ಹೂಂ ಕಣಮ್ಮೋ, ಹಣ್ಣಾದಮೇಲೆ ನಮ್ಮನೆಗೆ ತಗೊಂಡೋಗ್ತೀನಿ ಅಂದುಬಿಟ್ಟ, ಹದಿನೆಂಟು ಹತ್ತೊಂಬತ್ತರ ಹುಡುಗ, ಅಂದವನೇ ನಾಚಿಕೊಂಡು ಸೈಕಲ್ ಹತ್ತಿ ಓಡಿಹೋದ, ಗುಡ್ಲಿನೊಳಗೆ ಕೂತ ಇವಳು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು, ಮಾಡ್ಕೊಂಡ್ರೆ ಮಾವನ್ನೇ. ಮಾಲೂರಿನ ಕಡೆಯಿಂದ ಪೋಸ್ಟ್‌ಮ್ಯಾನ್ ಸಂಬಂಧ ಬಂದಿತ್ತು, ಸರ್ಕಾರಿ ಕೆಲಸ, ಅಪ್ಪನಿಗೆ ಬಾಯಲ್ಲಿ ನೀರು, ಮುನಿಲಕ್ಷ್ಮಿ ಎರಡು ದಿನ ಮುದ್ದೆ ಮುಟ್ಟಲಿಲ್ಲ, ಮೂರನೇ ದಿನ ಅಮ್ಮ ಬಂದು ಪಕ್ಕದಲ್ಲಿ ಕೂತು, ಯಾಕೇ ಹೀಗೆ ಹಟ ಮಾಡ್ತೀಯ, ನನ್ ತಮ್ಮನೇ ಬೇಕಾ ನಿನಗೆ, ಹೂಂ, ಅಂಗಂದ್ರೆ ಉಣ್ಣು ಎದ್ದು, ನನ್ ತೌರುಮನೇಗೆ ನೀನೇ ಹೋಗು. ಹಟ ಮಾಡಿದ್ದು ಯಾರು, ನಾನು, ಬೇರೆ ಯಾರೂ ಅಲ್ಲ, ಈಗ ತ್ರಿವೇಣಿಗೆ ಏನಾದರೂ ಆದರೆ ಯಾರನ್ನ ಬೈಯೋದು, ಇದು ಹಣ್ಣು, ಇದು ಇಲ್ಲ, ಅಯ್ಯೋ ಇದನ್ನ ಮೆತ್ತಗೆ, ಕೈ ಬಿಗಿಯಾಯ್ತು.

ಮೊದಲು ಶುರುವಾಗಿದ್ದು ಕಾಲಿನಲ್ಲಿ, ಬೆಳಿಗ್ಗೆ ಎದ್ದರೆ ಎಡಗಾಲಿನ ಬೆರಳು ಒಳಕ್ಕೆ ಮಡಚಿಕೊಂಡು ಚಪ್ಪಲಿಗೆ ತೂರುತ್ತಿರಲಿಲ್ಲ, ಆಗ ಮಾವನಿಗೆ ಮೂವತ್ತಾರು, ತ್ರಿವೇಣಿ ಮೂರನೇ ಕ್ಲಾಸು, ಚಳಿಗೆ ಅಂದರು, ವಾಯು ಅಂದರು, ಟೊಮೇಟೊಗೆ ಔಷಧಿ ಹೊಡೆದಾಗ ಕಾಲು ತೊಳೆದಿಲ್ಲ ಅಂದರು, ಎಣ್ಣೆ ತಿಕ್ಕಿ ತಿಕ್ಕಿ ಇವಳ ಕೈ ನುಣ್ಣಗಾಯ್ತೇ ಹೊರತು ಅವನ ಕಾಲು ನೆಟ್ಟಗಾಗಲಿಲ್ಲ, ಆಮೇಲೆ ಒಂದು ಬೆಳೆಯಲ್ಲಿ ಇದೇ ಹುಳದ ಮನೆಯಲ್ಲಿ, ಇದೇ ತಟ್ಟೆಯ ಮುಂದೆ, ಎಡಗೈಯಲ್ಲಿ ಎತ್ತಿದ ಹಣ್ಣುಹುಳ ನೆಲಕ್ಕೆ ಬಿತ್ತು, ಇನ್ನೊಂದು ಎತ್ತಿದ, ಅದೂ ಬಿತ್ತು, ಮೂರನೆಯದನ್ನ ಎತ್ತದೆ ಕೈಯನ್ನ ಲುಂಗಿಗೆ ಒರೆಸಿಕೊಂಡು, ನೀನೇ ಬಿಡೇ ಮುನಿ, ನಂಗೆ ನಿದ್ದೆ ಬರ್ತಿದೆ ಅಂತ ಆಚೆ ಹೋದ, ಮಟಮಟ ಮಧ್ಯಾಹ್ನ ಯಾವ ನಿದ್ದೆ ಮಾವ, ಗೊತ್ತಾಯ್ತು ಇವಳಿಗೆ, ಅವನು ಆಚೆ ನೀರಿನ ತೊಟ್ಟಿಯ ಹತ್ತಿರ ನಿಂತು ತನ್ನ ಕೈಯನ್ನ ಬೇರೆಯವರ ಮನೆಯ ಕರು ನೋಡಿದ ಹಾಗೆ ನೋಡುತ್ತಿದ್ದ. ಏಳೆಂಟು ವರ್ಷ ಯಾರ್ಯಾರೋ ಏನೇನೋ ಹೇಳಿದರು, ಕೋಲಾರದಲ್ಲಿ ಒಬ್ಬ ಡಾಕ್ಟರು ಇಷ್ಟು ಚಿಕ್ಕ ವಯಸ್ಸಿಗೆ ನಡುಕದ ಕಾಯಿಲೆ ಬರಲ್ಲಪ್ಪ ಟೆನ್ಶನ್ ಕಮ್ಮಿ ಮಾಡ್ಕೋ ಅಂದ, ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಹೆಸರು ಗೊತ್ತಾಯ್ತು, ಪಾರ್ಕಿನ್ಸನ್, ವಾಪಸ್ ಬರೋ ಬಸ್ಸಲ್ಲಿ ಇವಳು ಕಿಟಕಿ ಕಡೆ ತಿರುಗಿ ಅಳ್ತಿದ್ದರೆ, ಲೇ, ಬೆಂಗ್ಳೂರಲ್ಲಿ ಪಾರ್ಕು ಜಾಸ್ತಿ ಅಂತ ಗೊತ್ತಿತ್ತು, ನನ್ ತಲೆಯೊಳಗೂ ಒಂದು ಮಾಡವ್ರಂತೆ ನೋಡು, ಕಲ್ಲುಬೆಂಚು ಹಾಕ್ಸಿ ಕೂತ್ಕೊಳಾಣ ಇಬ್ರೂ — ಮುಂದಿನ ಸೀಟಿನವರು ತಿರುಗಿ ನೋಡೋ ಹಾಗೆ ನಕ್ಕುಬಿಟ್ಟಳು, ಅಳೋಳ ಹತ್ತಿರ ಹಂಗಾ ಮಾತಾಡೋದು, ಪಾಪಿ. ಈಗ ಅವನ ಮುಖ ನಗಲ್ಲ, ಕೆನ್ನೆಯ ಮಾಂಸ ಹೇಳಿದ ಮಾತು ಕೇಳಲ್ಲ, ಕದಿರೇಶಣ್ಣನಿಗೆ ಜಂಬ ಬಂದಿದೆ, ಎದುರಿಗೆ ಬಂದ್ರೂ ನಗಲ್ಲ ಅಂತ ಡೈರಿ ಹತ್ತಿರ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ, ಒಳಗೊಳಗೆ ಎಷ್ಟು ನಗ್ತಾನೆ ಅಂತ ನನಗೆ ಗೊತ್ತು, ಕಣ್ಣಿನ ಮೂಲೆಯಲ್ಲಿ ಒಂದು ಚೂರು ನೀರಾಡುತ್ತೆ, ಅದೇ ನಗು, ನೋಡೋಕೆ ಬರಬೇಕು ಅಷ್ಟೆ.

ಹತ್ತೂ ನಲವತ್ತು. ಇನ್ನೂ ಇಲ್ಲ. ಆ ಮೊದಲನೇ ಸಲದ ಜೂನಿಯರ್ ಡಾಕ್ಟರು ಇದ್ದನಲ್ಲ, ಕನ್ನಡಕದ ಹುಡುಗ, ಎಲ್ಲ ತಪ್ಪೂ ಅಲ್ಲೇ, ತಪ್ಪು ಅವನದೋ ನನ್ನದೋ, ಮಾವನ್ನ ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದರು, ಇವಳೊಬ್ಬಳೇ ಸ್ಟೂಲಿನ ಮೇಲೆ, ಅವನು ತಲೆ ಎತ್ತದೆ ಬರೀತಾ ಬರೀತಾ ಕೇಳ್ತಾ ಹೋದ, ಮನೇಲಿ ಯಾರಿಗಮ್ಮ ಕೈ ನಡುಕ ಇದೆ, ನಮ್ಮ ಮಾವನಿಗೆ ಸಾರ್, ಯಾವ ಕಡೆ ಮೊದಲು, ಎಡಗಡೆ ಸಾರ್, ಮೊದಲು ಕಾಲು ಆಮೇಲೆ ಕೈ, ಮಾವನವರ ಹೆಸರೇನು, ಹೆಸರು ಹೇಳಬಾರದು ಸಾರ್, ಅಂದರೆ ಗಂಡನ ಹೆಸರು ಹೇಗೆ ಹೇಳೋದು ಅಂತ ಇವಳ ಅರ್ಥ, ಅವನೋ ಓಹೋ ಗಂಡನ ಅಪ್ಪನ ಮೇಲೆ ಹಳ್ಳಿಯವರಿಗೆ ಎಷ್ಟು ಮರ್ಯಾದೆ ಅಂದುಕೊಂಡನೋ ಏನೋ, ಸರಿ ಬಿಡಿ, ನೀವು ಯಾವೂರು, ವಕ್ಕಲೇರಿ ಸಾರ್, ಅಲ್ಲಿಂದ ಸುಗಟೂರಿಗೆ ಕೊಟ್ಟಿದ್ದು, ಮನೆತನದ ಚಿತ್ರ ಅಂತ ಗೆರೆ ಎಳೆದ, ಚೌಕ ಬರೆದ, ಚೌಕಕ್ಕೆ ಕಪ್ಪು ಬಳಿದ, ನೋಡಮ್ಮ, ಇದು ಅಪ್ಪನಿಂದ ಮಗನಿಗೆ ಬಂದಿರೋ ಹಾಗಿದೆ, ನಿಮ್ಮ ಮಗಳಿಗೆ ಬರೋ ಚಾನ್ಸು ಅರ್ಧಕ್ಕರ್ಧ, ನಿಮ್ಮ ರಕ್ತ ಬೇಡ, ನೀವು ಹೊರಗಿನವರು. ಹೊರಗಿನವರು! ಕೇಳಿ ಮೈ ಉರಿದುಹೋಯ್ತು, ನಾನು ಹುಟ್ಟಿದ್ದೇ ಆ ಮನೆಯ ನಡುಮನೆಯಲ್ಲಿ ಕಣಪ್ಪ, ಹೆರಿಗೆ ಮಾಡಿಸಿದ್ದು ಅಮ್ಮನ ಅಮ್ಮ ದೊಡ್ಡಮುನಿಯಮ್ಮ, ನನಗೆ ಅವ್ವನೂ ಅವಳೇ ಅತ್ತೆಯೂ ಅವಳೇ, ಆ ಮನೆಯ ಬೀಸೋಕಲ್ಲು ನನ್ನ ಮಾತು ಕೇಳುತ್ತೆ, ನಾನು ಹೊರಗಿನವಳಾ ಅಂತ ಬಾಯಿಗೆ ಬಂದಿತ್ತು, ಡಾಕ್ಟರ ಹತ್ತಿರ ಜಗಳ ಯಾಕೆ ಅಂತ ನುಂಗಿಕೊಂಡಳು, ಆದರೂ ಒಂದು ಅನುಮಾನ, ಅಪ್ಪನಿಂದ ಮಗನಿಗೆ ಅಂದರೆ ತಾತ ಮುನಿಕೃಷ್ಣಪ್ಪನಿಂದ, ತಾತನ ಕೈ ಎಲ್ಲಿ ನಡುಗುತ್ತಿತ್ತು, ಎಂಬತ್ತರಲ್ಲೂ ಸೂಜಿಗೆ ದಾರ ಪೋಣಿಸ್ತಿದ್ದ, ಮೊಮ್ಮಕ್ಕಳ ಕಾಲಿನ ಮುಳ್ಳು ನೋವಿಲ್ಲದೆ ಕೀಳ್ತಿದ್ದ, ಇರಲಿ, ದೊಡ್ಡ ಮಿಷನ್ನು ದೊಡ್ಡ ಓದು, ನಮಗೆ ಕಾಣದ್ದು ಅವರಿಗೆ ಕಂಡಿರುತ್ತೆ, ಅಂದುಕೊಂಡು ಒಂದು ವರ್ಷ, ಪೂರ್ತಿ ಒಂದು ವರ್ಷ, ಮಗಳ ಕೈ ಕಾದಳು, ತ್ರಿವೇಣಿ ಲೋಟ ಎತ್ತಿದರೆ ಲೋಟ ನೋಡಲ್ಲ ಕೈ ನೋಡ್ತಾಳೆ, ಮೊಬೈಲ್ ಒತ್ತಿದರೆ ಹೆಬ್ಬೆಟ್ಟು ನೋಡ್ತಾಳೆ, ಏನಮ್ಮ ನನ್ನನ್ನೇ ಗುರಾಯಿಸ್ತೀಯ, ಉಗುರು ಬೆಳೆದವೆ ಕತ್ತರಿಸ್ಕೊ ಹೋಗೇ.

ಆಮೇಲೆ ಬಂದಳು ಅನಿತ, ದೇವರ ಹಾಗೆ ಅಲ್ಲ, ಪಕ್ಕದ ಮನೆಯವಳ ಹಾಗೆ, ಶ್ರೀನಿವಾಸಪುರದ ಆಚೆ ಗೌನಿಪಲ್ಲಿ ಹುಡುಗಿ, ಮಾವಿನ ತೋಪಿನವರು, ಮಾವನ ರಕ್ತದ ರಿಪೋರ್ಟು ಮುಂದಿಟ್ಟುಕೊಂಡು, ಅಕ್ಕ, ಈ ಚಿತ್ರಕ್ಕೂ ಈ ರಿಪೋರ್ಟಿಗೂ ತಾಳೆ ಆಗ್ತಿಲ್ಲ, ನಿಮ್ಮ ಮಾವನಿಗೂ ನಡುಕ ಇತ್ತು ಅಂತ ಬರೆದಿದೆ, ಇತ್ತು ಅಲ್ಲ ಇದೆ, ಇಲ್ಲೇ ಕೂತಿಲ್ವಾ, ಇವರು ನಿಮ್ಮ ಯಜಮಾನರಲ್ವಾ, ಹೂಂ ನಮ್ಮ ಮಾವ, ಅನಿತ ಪೆನ್ನು ಕೆಳಗಿಟ್ಟಳು, ಅಕ್ಕ, ಮಾವ ಅಂದ್ರೆ ಯಾವ ಮಾವ? ಅಮ್ಮನ ತಮ್ಮ. ಅಯ್ಯಯ್ಯೋ! ಹಣೆ ಚಚ್ಚಿಕೊಂಡು ನಕ್ಕಳು, ಇವಳೂ ನಕ್ಕಳು, ಮಾವನ ಕಣ್ಣಿನ ಮೂಲೆಯಲ್ಲೂ ನೀರಾಡಿತು, ಹಂಗಾರೆ ವರ್ಷದಿಂದ ನಮ್ಮಪ್ಪನಿಗೆ ಸತ್ತ ಮೇಲೆ ನಡುಕ ತರ್ಸಿದ್ರಾ ಅಂದ, ಹೆಂಗಸರಿಬ್ಬರೂ ಹೊಟ್ಟೆ ಹಿಡಕೊಂಡು ನಕ್ಕರು, ಮೊದಲು ನಗು ನಿಲ್ಲಿಸಿದ್ದು ಅನಿತ. ಅವಳು ಹೊಸ ಹಾಳೆಯ ಮೇಲೆ ಮತ್ತೆ ಗೆರೆ ಎಳೆದಳು, ಆಮೇಲೆ ಇವಳ ಕೈಯಿಂದಲೇ ಬಳೆ ಬಿಚ್ಚಿಸಿ ಟೇಬಲ್ಲಿನ ಮೇಲಿಟ್ಟು ಹೇಳಿದಳು, ಜೀನ್ ಅಂತೀವಿ, ಪ್ರತಿಯೊಬ್ಬರಿಗೂ ಈ ಬಳೆಗಳ ಹಾಗೆ ಎರಡೆರಡು ಇರುತ್ತೆ ಅಕ್ಕ, ಅಪ್ಪನಿಂದ ಒಂದು ಅಮ್ಮನಿಂದ ಒಂದು, ಒಂದು ಸೀಳಿದ್ದರೂ ಇನ್ನೊಂದರಲ್ಲಿ ಬಾಳು ನಡೆಯುತ್ತೆ, ತಾತನಿಗೂ ಅವ್ವನಿಗೂ ಒಂದೊಂದು ಸೀಳಿತ್ತು, ಅವರೂ ಸಂಬಂಧದಲ್ಲೇ ಮಾಡಿಕೊಂಡವರಲ್ವಾ, ಇಬ್ಬರಿಗೂ ಏನೂ ಆಗಲಿಲ್ಲ, ಇವರ ಪಾಲಿಗೆ ಎರಡೂ ಸೀಳಿದ್ದೇ ಬಂತು. ಅದು ಮಾಡೋ ಕೆಲಸ ಏನಮ್ಮ? ಮಿದುಳಿನ ಒಳಗೆ ಸವೆದು ಹೋಗಿದ್ದನ್ನ ಗುರುತು ಹಾಕಿ ಆಚೆ ಹಾಕಿಸೋದು, ನೀವು ತಟ್ಟೆಯ ಕಸ ತೆಗೆದು ಹಾಸಿಗೆ ಬದಲಿಸಲ್ವಾ ಹುಳಕ್ಕೆ, ಬದಲಿಸದೇ ಇದ್ದರೆ? ಕಾವು ಏರಿ ಹುಳ ಸಾಯ್ತವೆ, ಹಂಗೇ, ಮಿದುಳಿನ ಕೆಳಗೆ ಕಾಡಿಗೆ ಬಳಿದ ಹಾಗೆ ಒಂದು ಕಪ್ಪು ಪಟ್ಟಿ ಇದೆ, ಕೈಕಾಲು ಹದವಾಗಿ ಆಡೋದಕ್ಕೆ ಬೇಕಾದ ರಸ ಅಲ್ಲಿ ಊರುತ್ತೆ, ಅಲ್ಲಿಯ ಜೀವಕೋಶಗಳು ಕಸದಲ್ಲೇ ಕೂತು ಕೂತು ಸತ್ತಿವೆ, ಕಾಡಿಗೆ ಅಳಿಸಿಹೋಗಿದೆ. ಸ್ಕ್ಯಾನಿನ ಚಿತ್ರ ತೋರಿಸಿದಳು, ಸರಿಯಿರೋರ ತಲೆಯಲ್ಲಿ ಬೆಳಕಿನ ಎರಡು ಕೊಕ್ಕೆ, ಪುಸ್ತಕದಲ್ಲಿ ಮಾತಿನ ಮಧ್ಯೆ ಹಾಕೋ ಗುರುತಿನ ಹಾಗೆ ತಲೆ ಬಾಲ ಎರಡೂ ಇರೋದು, ಮಾವನದರಲ್ಲಿ ಬಾಲ ಇಲ್ಲ, ಬರೀ ಎರಡು ಚುಕ್ಕೆ, ಹುಳದ ಹಿಕ್ಕೆಯಷ್ಟು, ಇವಳು ಆ ಚುಕ್ಕೆ ನೋಡಲಾರದೆ ಮುಖ ತಿರುಗಿಸಿದಳು, ಮಾವ ಮಾತ್ರ ಬಗ್ಗಿ ಬಗ್ಗಿ ನೋಡಿ, ಬಾಲ ಉದುರಿದ್ರೂ ಇಷ್ಟು ದಿನ ಓಡಾಡ್ತಿದೀನಲ್ಲ ಮೇಡಂ, ಗಟ್ಟಿ ಪಿಂಡ.

ಆಮೇಲೆ ಅನಿತ ಇವಳ ಕಡೆ ತಿರುಗಿದಳು, ಹಾಗಾದ್ರೆ ನಿಮ್ಮ ರಕ್ತವೂ ಬೇಕು ಅಕ್ಕ, ನೀವು ಹೊರಗಿನವರಲ್ಲ. ಆ ಮಾತಿಗೆ ಒಂದು ವರ್ಷದಿಂದ ಕಾದಿದ್ದಳಲ್ಲ, ನೀವು ಹೊರಗಿನವರಲ್ಲ ಅಂತ ಯಾರಾದರೂ ಹೇಳಲಿ ಅಂತ, ಈಗ ಹೇಳಿದರೆ ಅದೇ ಮಾತು ಬೇಡವಾಯ್ತು. ಅವ್ವನದೋ ತಾತನದೋ ಸೀಳಿದ್ದು ಅಮ್ಮ ಆಂಜಿನಮ್ಮನಿಗೆ ಬಂದಿರಬಹುದು, ಅಮ್ಮನಿಂದ ನನಗೆ ಬಂದಿರಬಹುದು, ಮೂರರಲ್ಲಿ ಒಂದು ಪಾಲು ಅಂತ ಲೆಕ್ಕ ಹೇಳಿದಳು, ಮಾವನಿಂದ ಒಂದು ಸೀಳಿದ್ದು ತ್ರಿವೇಣಿಗೆ ಬಂದೇ ಬಂದಿದೆ, ಅವನ ಹತ್ತಿರ ಕೊಡೋಕೆ ಬೇರೆ ಎಲ್ಲಿದೆ, ಇನ್ನೊಂದನ್ನ ಕೊಟ್ಟವಳು ನಾನು, ನಾನು ಕೊಟ್ಟಿದ್ದು ಸರಿಯಿದ್ದರೆ ಮಗು ಬಚಾವು. ಅದಕ್ಕೆ ಮಾವ, ಮೇಡಂ, ಮೊಟ್ಟೆ ಕೊಡೋಕೆ ಮುಂಚೆ ತಾಯಿ ಚಿಟ್ಟೆನ ಅರೆದು ಗಾಜಿನಲ್ಲಿಟ್ಟು ನೋಡ್ತಾರೆ, ಗಂಟುರೋಗ ಇದ್ರೆ ಆ ಮೊಟ್ಟೆ ಸುಟ್ಟಾಕ್ತಾರೆ, ಹುಳಕ್ಕೆ ಇಷ್ಟೆಲ್ಲ ಮಾಡೋ ನಾವು ನಮಗೆ ಮಾತ್ರ ಸೋದರಮಾವ ಇದಾನಾ, ತಾಳಿ ತಗೊಂಡು ಬಾ, ಅಷ್ಟೇ ನೋಡ್ದೋ ಅಂದ, ಅಂದವನು ತಕ್ಷಣ ಇವಳ ಮಂಡಿಯ ಮೇಲೆ ಆ ನಡುಗೋ ಕೈ ಇಟ್ಟ, ನಡುಕ ಮಂಡಿಯಿಂದ ಮೇಲಕ್ಕೆ ಹತ್ತಿ ಇವಳ ಹಲ್ಲಿನವರೆಗೂ ಬಂತು. ವಕ್ಕಲೇರಿಗೆ ಹೋಗಿ ಅಮ್ಮನಿಗೆ ಹೇಳಿದರೆ ಅಮ್ಮ ಬೈದಳು, ಯಾವಳೇ ಹೇಳ್ದೋಳು, ನಮ್ಮ ರಕ್ತಕ್ಕೆ ಹೆಸರಿಡೋಕೆ ಅವಳ್ಯಾರು, ಬೈದು ಬೈದು ಸುಸ್ತಾಗಿ ಒಲೆ ಮುಂದೆ ಕೂತು, ನಾನೇನಾದ್ರೂ ಕೊಟ್ಟಿದ್ರೆ ಗೊತ್ತಿದ್ದು ಕೊಡ್ಲಿಲ್ಲ ಕಣೇ ಅಂತ ಅತ್ತಳು, ಅರವತ್ತರ ಮುದುಕಿ, ಅವಳನ್ನ ಸಮಾಧಾನ ಮಾಡೋಕೇ ಅರ್ಧ ದಿನ ಹೋಯ್ತು. ಬರ್ತಾ ಬಸ್ಸಿನಲ್ಲಿ ಒಂದೇ ಜಪ, ಸ್ವಾಮಿ, ನನ್ನನ್ನ ಹೊರಗಿನವಳು ಮಾಡು, ಇದೊಂದರಲ್ಲಿ ಆ ಮನೆಗೂ ನನಗೂ ಏನೂ ಇಲ್ಲದ ಹಾಗೆ ಮಾಡು, ಇಪ್ಪತ್ತು ವರ್ಷ ಆ ಮನೇಲಿ ಹೊರಗಿನವಳು ಅಂತ ಯಾರ ಬಾಯಲ್ಲೂ ಅನ್ನಿಸಿಕೊಳ್ಳದವಳು ಈಗ ಕೈಮುಗಿದು ಅದನ್ನೇ ಬೇಡ್ತೀನಲ್ಲಪ್ಪ, ನಗಬೇಡ.

ಏನೇ, ಒಬ್ಬಳೇ ಏನ್ ಗೊಣಗ್ತಿದೀಯ — ಮಾವನ ದನಿ, ಸಣ್ಣ ದನಿ, ಈಗೀಗ ಹತ್ತಿರ ಬಂದರೇ ಕೇಳೋದು, ಸೊಪ್ಪಿನ ಕಟ್ಟು ಎದೆಗಪ್ಪಿಕೊಂಡು ಬಂದಿದ್ದಾನೆ, ಹಣ್ಣಾಗದ ಹುಳಕ್ಕೆ ಕೊನೇ ಸೊಪ್ಪು, ಅಂಗಳದಿಂದ ಹುಳದ ಮನೆಯ ಬಾಗಿಲವರೆಗೆ ಬೆಳಿಗ್ಗೆ ಬೆಳಿಗ್ಗೆ ಇವಳೇ ರಂಗೋಲಿ ಹಿಟ್ಟಿನಲ್ಲಿ ಅಡ್ಡಡ್ಡ ಗೆರೆ ಎಳೆದಿರುತ್ತಾಳೆ, ಏಣಿ ಮಲಗಿಸಿದ ಹಾಗೆ, ಬರೀ ನೆಲ ಇದ್ದರೆ ಅವನ ಕಾಲು ಅಂಟಿಕೊಂಡು ಬಿಡುತ್ತೆ, ದಾಟೋಕೆ ಒಂದು ಗೆರೆ ಇದ್ದರೆ ಗೆರೆ ಗೆರೆ ದಾಟಿಕೊಂಡು ಮದುವೆ ಗಂಡಿನ ಹಾಗೆ ಬರ್ತಾನೆ, ಯಾವ ಡಾಕ್ಟರೂ ಹೇಳಿಕೊಟ್ಟಿದ್ದಲ್ಲ, ಸಂಕ್ರಾಂತಿಯ ದಿನ ರಂಗೋಲಿ ಮೇಲೆ ಸಲೀಸಾಗಿ ನಡೆದು ಬಂದು ಅಳಿಸಿಬಿಟ್ಟ, ಇವಳು ಬೈಯೋಕೆ ಹೋಗಿ ಅವನ ಕಾಲು ನೋಡುತ್ತಾ ನಿಂತಳು, ಅವತ್ತಿನಿಂದ ಬಂತು ಈ ಏಣಿ. ಮಾತ್ರೆ ತಗೊಂಡ್ಯಾ ಮಾವ, ತಗೊಂಡೆ, ಕೈ ಬಿಗಿ ಬಿಟ್ಟಿದೆಯಾ, ಇನ್ನೂ ಬಿಟ್ಟಿಲ್ಲ, ಇನ್ನೊಂದು ಕಾಲು ಗಂಟೆ, ಅಲ್ಲೀವರೆಗೂ ನಿನ್ನ ಮುಖ ನೋಡ್ಕೊಂಡು ಕೂತಿರ್ತೀನಿ ಬಿಡು, ಅಯ್ಯೋ ಸಾಕು ಸುಮ್ನಿರು, ಮುದುಕ ಆದ್ರೂ — ಫೋನು. ಹಲಗೆಯ ಮೇಲೆ ನಡುಗುತ್ತಾ ಸುಣ್ಣದ ಡಬ್ಬಕ್ಕೆ ಡಿಕ್ಕಿ ಹೊಡೆಯುತ್ತಿದೆ, ಯಾರೇ, ಯಾರೋ ಲೋನಿನವರು ಮಾವ, ಕೈಯಲ್ಲಿದ್ದ ಹುಳವನ್ನ ಎಲ್ಲಿ ಬಿಟ್ಟಳೋ, ಫೋನು ಹಿಡಿದು ತಟ್ಟೆಗಳ ಹಿಂದಕ್ಕೆ ಹೋದಳು, ಹಲೋ, ಅಕ್ಕ ನಾನು ಅನಿತ, ಹೂಂ, ಕೂತ್ಕೊಂಡಿದೀರಾ, ಕೂತ್ಕೊಂಡಿದೀನಿ ಹೇಳಮ್ಮ, ಕೂತಿಲ್ಲ, ನಿಂತಿದ್ದಾಳೆ, ಗೋಡೆಯ ಸುಣ್ಣ ಬೆನ್ನಿಗೆ ಹತ್ತುತ್ತಿದೆ, ಅಕ್ಕ, ಎರಡೆರಡು ಸಲ ನೋಡಿದೀವಿ, ನಿಮ್ಮಲ್ಲಿ ಅದು ಇಲ್ಲ, ಎರಡೂ ಸರಿ ಇವೆ, ತ್ರಿವೇಣಿಗೆ ಅಪ್ಪನಿಂದ ಬಂದ ಒಂದೇ ಒಂದು ಇರುತ್ತೆ, ಅದರಿಂದ ಅಪ್ಪನಿಗೆ ಬಂದ ಹಾಗೆ ಇದು ಬರಲ್ಲ, ಅವಳ ಮದುವೆ ಮಾತ್ರ ಸಂಬಂಧದಲ್ಲಿ ಮಾಡಬೇಡಿ, ಅಷ್ಟೇ, ಅಕ್ಕ ಕೇಳಿಸ್ತಾ, ಅಕ್ಕ? ಕೇಳಿಸ್ತಮ್ಮ, ನಿನ್ನ ಹೊಟ್ಟೆ ತಣ್ಣಗಿರಲಿ, ಈ ಸಲ ಮಾವಿನಕಾಯಿ ಕಾಲಕ್ಕೆ ಬಂದು ನಿಮ್ಮಮ್ಮನ ಕಾಲಿಗೆ ಬೀಳ್ತೀನಿ, ಏನೇನೋ ಅಂದಳು, ಅನಿತ ನಗುತ್ತಿದ್ದಳೋ ಅಳುತ್ತಿದ್ದಳೋ, ಫೋನು ಕಟ್ಟಾಯ್ತು.

ಇಲ್ಲ. ಇಲ್ಲವೇ ಇಲ್ಲ. ನಾನು ಹೊರಗಿನವಳು, ಹೊರಗಿನವಳು, ಹೊರಗಿನವಳು, ಎಷ್ಟು ಚೆನ್ನಾಗಿದೆ ಈ ಮಾತು, ಲೋಟ ಬೀಳಿಸೇ ತ್ರಿವೇಣಿ, ಎಷ್ಟು ಬೇಕಾದರೂ ಬೀಳಿಸು, ಇನ್ನು ಮೇಲೆ ಕೈ ನೋಡಲ್ಲ ನಿನ್ನ ಲೋಟ ನೋಡಿ ಬೈತೀನಿ, ನೆಲದ ಮೇಲೆ ಕೂತೇಬಿಟ್ಟಳು ಹಿಕ್ಕೆ ಸೊಪ್ಪಿನ ನಡುವೆ, ಸೆರಗು ಬಾಯಿಗೆ ತುರುಕಿಕೊಂಡರೂ ಅಳು ನಿಲ್ಲಲ್ಲ, ಲೋನಿನವರು ಅಷ್ಟೊಂದು ಅಳಿಸಿದ್ರಾ ಅಂತ ಮಾವ ತಟ್ಟೆಯ ಸಂದಿಯಿಂದ ಇಣುಕುತ್ತಿದ್ದಾನೆ, ಕಟ್ಟು ಇನ್ನೂ ಎದೆಯಲ್ಲೇ ಇದೆ, ಎರಡು ಹೆಜ್ಜೆ ಮುಂದೆ ಬರೋಕೆ ನೋಡಿದ, ಇಲ್ಲಿ ಗೆರೆ ಇಲ್ಲ, ಕಾಲು ಏಳಲಿಲ್ಲ, ಅಲ್ಲೇ ನಿಂತ, ಇವತ್ತೇನಾ ಅದು? ಹೂಂ ಮಾವ. ಹೇಳು. ನನ್ನಲ್ಲಿ ಇಲ್ಲವಂತೆ ಮಾವ, ಎರಡೂ ಸರಿ ಇವೆಯಂತೆ, ನಮ್ಮ ತ್ರಿವೇಣಿಗೆ ಬರಲ್ಲ, ಬರೋದೇ ಇಲ್ಲ. ಮಾವನ ಮುಖ ಹಾಗೇ ಇದೆ, ಒಂದು ಗೆರೆಯೂ ಅಲುಗಲಿಲ್ಲ, ಸೊಪ್ಪಿನ ಕಟ್ಟು ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳೋಕೂ ಹೋಗಲಿಲ್ಲ, ನಿಂಗಿಲ್ಲ, ಮಗೂಗೆ ಬರಲ್ಲ, ಹಂಗಾದ್ರೆ — ಮುಗಿಸದೆ ಎಡಗೈ ಎತ್ತಿದ, ಲುಂಗಿಗೆ ಒರೆಸಿ ಒರೆಸಿ ಜನರಿಂದ ಬಚ್ಚಿಡೋ ಆ ಎಡಗೈಯನ್ನೇ ಎತ್ತಿದ, ನಾಲ್ಕು ಬೆರಳು ಹೇಗೋ ಮಡಚಿ ತೋರುಬೆರಳು ಒಂದನ್ನ ಮೇಲಕ್ಕೆ ಮಾಡಿದ, ಹಂಗಾದ್ರೆ ನಾನೊಬ್ನೇ ಕಣೇ! ನಾನೊಬ್ನೇ! ಗೆದ್ದವನ ಹಾಗೆ ಅಂದ, ಕಣ್ಣಿನ ಮೂಲೆ ತುಂಬಿ ಕೆನ್ನೆಗೆ ಇಳೀತು, ಇಷ್ಟು ಖುಷಿ ಅವನಲ್ಲಿ ಇವಳು ನೋಡಿ ಎಷ್ಟು ವರ್ಷ ಆಯ್ತೋ, ಒಬ್ಬನೇ ಅಂತೆ, ಬೇರೆ ಯಾರೂ ಬೇಡವಂತೆ ಜೊತೆಗೆ, ಎಷ್ಟು ದಿನದಿಂದ ಹೆದರಿಕೊಂಡಿದ್ದನೋ ಒಬ್ಬನೇ ಅಲ್ಲವೇನೋ ಅಂತ, ತಲೆಯೊಳಗೆ ಪಾರ್ಕು ಅಂತ ನಗಿಸ್ತಾ ನಗಿಸ್ತಾ, ಒಬ್ಬನೇ ಯಾಕೆ ಮಾವ ನಾನೂ ಇದೀನಲ್ಲ ಅನ್ನೋಕೆ ಬಾಯಿ ತೆರೆದಳು, ನಾನೂ ಇದೀನಿ ಅನ್ನೋ ಹಾಗಿಲ್ಲ ಇವತ್ತು, ನಾನಿಲ್ಲ ಅಂತಲೇ ಈಗ ತಾನೆ ಅನಿತ ಹೇಳಿದ್ದು, ಬೇಡಿಕೊಂಡಿದ್ದೂ ಅದನ್ನೇ, ಕೊಟ್ಟ ದೇವರು, ಅವನು ಒಬ್ಬನೇ ಆ ಕಡೆ, ನಾನೂ ಮಗಳೂ ಈ ಕಡೆ, ನಡುವೆ ಆ ಬೆರಳು, ಏಳು ಮುನಿಲಕ್ಷ್ಮಿ, ಅವನ ಕಾಲಿಗೊಂದು ಗೆರೆ ಎಳಿ, ಹುಳ ಕಾಯಲ್ಲ, ಇದು ಹಣ್ಣಾಗಿದೆ, ಇದು — ಆ ಬೆರಳು, ಇದು ಇಲ್ಲ, ಇದು — ಮೇಲಕ್ಕೆತ್ತಿದ ಆ ಒಂದು ಬೆರಳು, ಕೆಳಗಿಳಿಸೇ ಇಲ್ಲ ಇನ್ನೂ, ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ಕಿಟಕಿಯ ಬೆಳಕಿಗೆ ಅಡ್ಡವಾಗಿ, ನಾನೊಬ್ನೇ ಅಂತ, ಒಂದು ಬೆರಳು, ನಡುಗುತ್ತಾ, ಒಂದು.